ಬಿಲ್ಕಿಸ್ ಟೀಚರ್ ಕಲಿತ ಒಂದೇ ಒಂದು ಚೀನೀ ಅಕ್ಷರ

ರಾಣೇಬೆನ್ನೂರಿನ ಹೈಸ್ಕೂಲೊಂದರಲ್ಲಿ ಬಿಲ್ಕಿಸ್ ಹನ್ನೊಂದು ವರ್ಷ ಕನ್ನಡ ಕಲಿಸಿದಳು. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆದವರು ಕಡಿಮೆ. ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳಿಂದ ಹಿಡಿದು ಬ್ಯಾಂಕಿನ ಮ್ಯಾನೇಜರನವರೆಗೆ ಎಲ್ಲರಿಗೂ ಅವಳು ‘ಕನ್ನಡ ಟೀಚರ್’. ಹಳಗನ್ನಡದ ಪಾಠ ಬಂದರೆ ಹುಡುಗರು ತೂಕಡಿಸುತ್ತಾರೆಂದು ಅವಳು ಪದಗಳ ಕಥೆ ಹೇಳುತ್ತಿದ್ದಳು. ಹಾಲು ಮೊದಲು ಪಾಲು ಆಗಿತ್ತು, ಹೂವು ಪೂ ಆಗಿತ್ತು ಎನ್ನುತ್ತಾ ಬೋರ್ಡಿನ ತುಂಬ ಬರೆಯುತ್ತಿದ್ದಳು.

ಎರಡು ಸಾವಿರದ ಹದಿನಾಲ್ಕರಲ್ಲಿ ಗಂಡ ಇಸಾಕ್‌ಗೆ ಮಲೇಷ್ಯಾದಲ್ಲಿ ಕೆಲಸ ಸಿಕ್ಕಿತು. ಅವನು ನೀರೆತ್ತುವ ದೊಡ್ಡ ಪಂಪುಗಳ ಎಂಜಿನಿಯರ್. ಕಚೇರಿ ಪುತ್ರಜಯಾದಲ್ಲಿ, ಆದರೆ ಮಗಳು ಉಝ್ಮಾಳ ಶಾಲೆ ಹತ್ತಿರವಾಗಲಿ ಎಂದು ಮನೆ ಹಿಡಿದದ್ದು ಕೌಲಾಲಂಪುರದ ಮಾಂಟ್ ಕಿಯಾರಾದಲ್ಲಿ, ಹದಿನಾಲ್ಕನೆಯ ಮಹಡಿಯಲ್ಲಿ. ಬಿಲ್ಕಿಸ್‌ಳ ವೀಸಾ ಗಂಡನ ವೀಸಾದ ಬಾಲ. ಅದರಲ್ಲಿ ಸಂಬಳಕ್ಕೆ ಕೆಲಸ ಮಾಡುವಂತಿರಲಿಲ್ಲ. ತಮಿಳು ಮುಸ್ಲಿಮರು ನಡೆಸುವ ಮಮಾಕ್ ಅಂಗಡಿಗೆ ಚಹಾಕ್ಕೆ ಹೋದರೆ ಅವಳನ್ನು ತಮಿಳಿನವಳೆಂದು ತಿಳಿದು ತಮಿಳಿನಲ್ಲೇ ಮಾತಾಡಿಸುತ್ತಿದ್ದರು. ಬ್ರಿಕ್‌ಫೀಲ್ಡ್ಸ್‌ನ ಕಿರಾಣಿಯಲ್ಲಿ ಜೋಳದ ಹಿಟ್ಟು ಸಿಕ್ಕ ದಿನ ಮಾತ್ರ ಅವಳಿಗೆ ತಾನು ಯಾರೆಂಬುದು ಸರಿಯಾಗಿ ನೆನಪಾಗುತ್ತಿತ್ತು. ಮಗಳು ಕನ್ನಡ ಅರ್ಥ ಮಾಡಿಕೊಳ್ಳುತ್ತಿದ್ದಳು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತಿದ್ದಳು.

ಎರಡು ಸಾವಿರದ ಇಪ್ಪತ್ತರ ಮಾರ್ಚ್ ಮೊದಲ ವಾರ ಇಸಾಕ್ ಜಪಾನಿಗೆ ಹೋದ. ಅಲ್ಲಿ ಸಮುದ್ರದ ದಂಡೆಯ ಒಂದು ಸಣ್ಣ ಊರಿನ ಕಾರ್ಖಾನೆಯಲ್ಲಿ ಪಂಪುಗಳ ಪರೀಕ್ಷೆ ನೋಡಿ ಸಹಿ ಹಾಕಬೇಕಿತ್ತು. ಎರಡು ವಾರದ ಕೆಲಸ. ಬಿಲ್ಕಿಸ್ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ, ಒಂದು ಕಟ್ಟು ಖಡಕ್ ರೊಟ್ಟಿ ಕಟ್ಟಿಕೊಟ್ಟಳು. ಅವನು ಹೋದ ಎರಡನೆಯ ವಾರದಲ್ಲಿ ಮಲೇಷ್ಯಾ ಗಡಿ ಮುಚ್ಚಿತು. ಪರದೇಶದವರು ಯಾರೂ ಒಳಗೆ ಬರುವಂತಿಲ್ಲ, ಊರೊಳಗೆ ಯಾರೂ ಮನೆ ಬಿಟ್ಟು ಹೊರಡುವಂತಿಲ್ಲ. ಇಸಾಕ್‌ನ ಟಿಕೆಟ್ ರದ್ದಾಯಿತು.

“ಏನಿಲ್ಲ, ಹದಿನೈದು ದಿನ ತಡೀರಿ ಅಂತಾರ,” ಎಂದ ಅವನು ಫೋನಿನಲ್ಲಿ.

“ರೊಟ್ಟಿ ಅದಾವಲ್ಲ?” ಎಂದು ಬಿಲ್ಕಿಸ್ ಕೇಳಿದಳು.

“ಅದಾವ. ದಿನಕ್ಕೊಂದರಂಗ ತಿಂತೀನಿ.”

ಆ ದಿನಗಳಲ್ಲಿ ಅವರ ಕಟ್ಟಡಕ್ಕೆ ಬರುವ ಸಾಮಾನುಗಳನ್ನೆಲ್ಲ ಕೆಳಗಿನ ಲಾಬಿಯ ಮೇಜಿನ ಮೇಲೆ ಇಟ್ಟು ಹೋಗಬೇಕೆಂದು ನಿಯಮವಾಯಿತು. ಎದುರು ಮನೆಯ ಲಿಯೊಂಗ್ ಟೀಚರ್ ಇಡೀ ಕಟ್ಟಡಕ್ಕೆ ಕ್ಯಾಮರಾನ್ ಬೆಟ್ಟದಿಂದ ತರಕಾರಿ ಲಾರಿ ತರಿಸುವ ಉಸ್ತುವಾರಿ ವಹಿಸಿಕೊಂಡರು. ಚೀನೀ ಪ್ರಾಥಮಿಕ ಶಾಲೆಯಲ್ಲಿ ಮೂವತ್ತಾರು ವರ್ಷ ಕಲಿಸಿ ನಿವೃತ್ತರಾದವರು. ಎಪ್ಪತ್ತೆರಡು ವಯಸ್ಸು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಆರು ವರ್ಷ ಎದುರುಬದುರು ಇದ್ದರೂ ಅವರ ಮತ್ತು ಬಿಲ್ಕಿಸ್‌ಳ ನಡುವೆ ಲಿಫ್ಟಿನಲ್ಲಿ ನಕ್ಕದ್ದಷ್ಟೇ ಪರಿಚಯ.

ಮೊದಲ ಲಾರಿ ಬಂದ ದಿನ ಬಿಲ್ಕಿಸ್ ಕೆಳಗಿಳಿದು ತನ್ನ ಡಬ್ಬಿ ಹುಡುಕಿದಳು. ಮನೆ ಸಂಖ್ಯೆಯ ಪಕ್ಕದಲ್ಲಿ ದಪ್ಪ ಕಪ್ಪು ಪೆನ್ನಿನಿಂದ ಒಂದು ಚೌಕ, ಅದರೊಳಗೆ ಇನ್ನೊಂದು ಸಣ್ಣ ಚೌಕ ಬರೆದಿತ್ತು: 回. ಇನ್ನೂ ಐದಾರು ಡಬ್ಬಿಗಳ ಮೇಲೆ ಅದೇ ಗುರುತು ಇತ್ತು. ಉಳಿದವುಗಳ ಮೇಲೆ ಇರಲಿಲ್ಲ. ಮೇಲೆ ಬಂದು ಎದುರು ಬಾಗಿಲು ತಟ್ಟಿ, ನಾಲ್ಕು ಹೆಜ್ಜೆ ಹಿಂದೆ ನಿಂತು ಅವಳು ಕೇಳಿದಳು.

“ಅದು ನೀನು ಲಾ,” ಎಂದರು ಲಿಯೊಂಗ್ ಟೀಚರ್. ಅವರಿಬ್ಬರ ಮಾತು ಇಂಗ್ಲಿಷಿನಲ್ಲಿ, ಮಧ್ಯೆ ಮಧ್ಯೆ ಮಲಯ, ಕೊನೆಗೆ ಅಲ್ಲಿನವರ ರೂಢಿಯ ಒಂದು ‘ಲಾ’ ಸೇರಿಸಿ ನಡೆಯುತ್ತಿತ್ತು. “ಮುಸ್ಲಿಂ ಮನೆ ಅಂತ ಗುರುತು. ಆ ಡಬ್ಬಿಗಳಲ್ಲಿ ಹಲಾಲ್ ಕೋಳಿ ಇದೆ. ಬೇರೆಯದು ಅದರಲ್ಲಿ ಸೇರಬಾರದು ಅಂತ ನಾನೇ ಕೈಯಾರೆ ತುಂಬಿದೆ. ನಮ್ಮ ಕಾಲದವರು ನಿಮ್ಮ ಧರ್ಮದ ಹೆಸರನ್ನ ಈ ಅಕ್ಷರದಿಂದಲೇ ಬರೀತಿದ್ವಿ. ಹ್ವೇಯ್ ಅಂತ ಓದಬೇಕು. ಈಗ ಪೇಪರಿನವರು ಬೇರೆ ರೀತಿ ಬರೀತಾರೆ.”

“ಚೌಕದೊಳಗೆ ಚೌಕ ಇಟ್ಟರೆ ಮುಸ್ಲಿಂ ಹೇಗಾಗುತ್ತೆ?”

ಮೂವತ್ತಾರು ವರ್ಷ ಪಾಠ ಹೇಳಿದವರಿಗೆ ಇಂಥ ಪ್ರಶ್ನೆ ಕೇಳಿದರೆ ಏನಾಗುತ್ತದೋ ಅದೇ ಆಯಿತು. ಟೀಚರ್ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಸ್ಟೂಲು, ಹಳೆಯ ಕ್ಯಾಲೆಂಡರಿನ ಹಾಳೆ ತಂದು ತಮ್ಮ ಹೊಸಿಲಿನಲ್ಲಿ ಕುಳಿತರು. ಬಿಲ್ಕಿಸ್ ತನ್ನ ಹೊಸಿಲಿನಲ್ಲಿ ಕುಳಿತಳು. ನಡುವೆ ಪಡಸಾಲೆಯಷ್ಟು ಅಗಲದ ಕಾರಿಡಾರಿನ ಓಣಿ.

ಟೀಚರ್ ಹಾಳೆಯ ಹಿಂಬದಿಯಲ್ಲಿ ಒಂದು ಸುರುಳಿ ಬರೆದು ಎತ್ತಿ ಹಿಡಿದರು. “ಮೂರು ಸಾವಿರ ವರ್ಷದ ಹಿಂದೆ ಇದು ಹೀಗಿತ್ತು. ನೀರು ಸುತ್ತು ಹಾಕೋದು.”

“ಸುಳಿ,” ಎಂದಳು ಬಿಲ್ಕಿಸ್ ಕನ್ನಡದಲ್ಲಿ. ಅವಳಿಗೆ ತುಂಗಭದ್ರೆ ತುಂಬಿ ಬಂದಾಗ ಸೇತುವೆಯ ಕಂಬಗಳ ಬುಡದಲ್ಲಿ ತಿರುಗುತ್ತಿದ್ದ ನೀರು ಕಣ್ಣ ಮುಂದೆ ಬಂತು.

“ಕುಂಚ ಬಂದ ಮೇಲೆ ದುಂಡಗೆ ಬರೆಯೋದು ಕಷ್ಟವಾಯ್ತು. ನಾಲ್ಕು ಮೂಲೆ ಬಂತು. ಆದರೆ ಅರ್ಥ ಉಳೀತು. ನೀರು ಸುತ್ತಿ ಹೊರಟಲ್ಲಿಗೇ ಬರುತ್ತಲ್ಲ, ಅದಕ್ಕೆ ಇದು ಹಿಂದಿರುಗು ಅನ್ನೋದಕ್ಕೆ ಬಂತು. ಮನೆಗೆ ಹಿಂದಿರುಗೋದು, ಪತ್ರಕ್ಕೆ ತಿರುಗಿ ಬರೆಯೋದು, ಎರಡಕ್ಕೂ ಇದೇ. ಮಾತಾಡುವಾಗ ನಮ್ಮ ಕ್ಯಾಂಟೋನೀಸಿನಲ್ಲಿ ಮನೆಗೆ ಹೋಗೋದಕ್ಕೆ ಬೇರೆ ಶಬ್ದ ಇದೆ, ಫಾನ್ ಅಂತೀವಿ. ಆದರೆ ಶಾಲೆಯಲ್ಲಿ ಓದೋದು, ಬರೆಯೋದು ಇದು.”

“ಮುಸ್ಲಿಂ?”

“ಪಶ್ಚಿಮದ ಮರಳುಗಾಡಿನ ದಾರಿಯಲ್ಲಿ ಬರುತ್ತಿದ್ದ ಜನರ ಹೆಸರು ಹ್ವೇಯ್ ಅನ್ನೋ ಹಾಗೆ ಕೇಳಿಸ್ತಿತ್ತು. ಸದ್ದು ಹೊಂದುತ್ತೆ ಅಂತ ಈ ಅಕ್ಷರ ಕೊಟ್ಟರು. ಆಮೇಲೆ ಎಲ್ಲ ಮುಸ್ಲಿಮರಿಗೂ ಅಂಟಿಕೊಳ್ತು. ಅದಕ್ಕೂ ನೀರಿಗೂ ಸಂಬಂಧ ಇಲ್ಲ.”

ಮರುದಿನ ಹನ್ನೊಂದು ಗಂಟೆಗೆ ಎರಡೂ ಬಾಗಿಲು ಮತ್ತೆ ತೆರೆದವು. ಅದರ ಮರುದಿನವೂ. ಬಿಲ್ಕಿಸ್‌ಗೆ ಬೇರೆ ಚೀನೀ ಅಕ್ಷರ ಕಲಿಯುವ ಆಸೆಯಿರಲಿಲ್ಲ. ಇದೊಂದನ್ನು ಪೂರ್ತಿ ತಿಳಿಯಬೇಕೆನಿಸಿತು. ಉಝ್ಮಾಳ ಹಳೆಯ ಗಣಿತದ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಖಾಲಿ ಹಾಳೆಗಳಲ್ಲಿ ಬರೆದಿಟ್ಟುಕೊಂಡಳು. ಇದೇ ಅಕ್ಷರ ‘ಒಂದು ಸಲ’, ‘ಎರಡು ಸಲ’ ಎಂದು ಎಣಿಸಲೂ ಬರುತ್ತದೆ ಎಂದು ಟೀಚರ್ ಹೇಳಿದಾಗ ಅವಳಿಗೆ ಅಚ್ಚರಿಯಾಗಲಿಲ್ಲ. “ನಮ್ಮಲ್ಲೂ ಹಾಗೇ, ಟೀಚರ್. ಸುತ್ತು ಅಂದರೆ ತಿರುಗೋದು. ಮೊದಲನೇ ಸುತ್ತು, ಎರಡನೇ ಸುತ್ತು ಅಂದರೆ ಸಲ,” ಎಂದಳು. ಹಳೆಯ ಚೀನೀ ಕಥೆಪುಸ್ತಕಗಳಲ್ಲಿ ಒಂದೊಂದು ಅಧ್ಯಾಯಕ್ಕೂ ಹ್ವೇಯ್ ಎಂದೇ ಹೆಸರು, ಸಂತೆಯಲ್ಲಿ ಕಥೆ ಹೇಳುವವನು ಒಂದು ಸಲಕ್ಕೆ ಹೇಳುವಷ್ಟು ಎಂದರು ಅವರು. ನಮ್ಮ ಹಳೆಯ ಕಾವ್ಯಗಳಲ್ಲಿ ಅಧ್ಯಾಯಕ್ಕೆ ಆಶ್ವಾಸ ಅನ್ನುತ್ತಾರೆ, ಉಸಿರು ತೆಗೆದುಕೊಳ್ಳುವುದು ಅಂತ ಅರ್ಥ ಎಂದು ಇವಳು ಹೇಳಿದಳು. ಟೀಚರ್ ಅದನ್ನು ಎರಡು ಸಲ ಹೇಳಿಸಿಕೊಂಡು ತಮ್ಮ ಕ್ಯಾಲೆಂಡರ್ ಹಾಳೆಯಲ್ಲಿ ಬರೆದುಕೊಂಡರು.

ಜಪಾನಿನವರು ಇದೇ ಅಕ್ಷರವನ್ನು ‘ಕೈ’ ಎಂದು ಓದುತ್ತಾರಂತೆ. ಅಕ್ಷರ ಅಲ್ಲಿಗೆ ಹೋದ ಕಾಲದಲ್ಲಿ ಅವರ ಬಾಯಲ್ಲಿ ಹಕಾರ ಇರಲಿಲ್ಲ, ಹತ್ತಿರದ ಕಕಾರ ಹಿಡಿದರು ಎಂದು ಟೀಚರ್ ವಿವರಿಸಿದರು. ಹಕಾರ ಆಮೇಲೆ ಬಂದ ಭಾಷೆಯ ಕಥೆ ಬಿಲ್ಕಿಸ್‌ಗೆ ಹೊಸದಾಗಿರಲಿಲ್ಲ. ಅಂದು ಪಾಲು, ಹಾಲಿನ ಪಾಠವನ್ನು ಅವಳು ಓಣಿಯ ಆಚೆಗೆ ಒಪ್ಪಿಸಿದಳು. ಆರು ವರ್ಷಗಳಲ್ಲಿ ಮೊದಲ ಸಲ ಯಾರಿಗೋ ಕನ್ನಡ ಕಲಿಸಿದ್ದು.

ಹದಿನೈದು ದಿನ ಎಂದದ್ದು ಐದು ತಿಂಗಳಾಯಿತು. ಊರಿನ ನಿಯಮಗಳು ಸಡಿಲವಾದವು, ಮಾಸ್ಕ್ ಹಾಕಿಕೊಂಡು ಅಂಗಡಿಗೆ ಹೋಗುವಂತಾಯಿತು. ಆದರೆ ಪರದೇಶದವರಿಗೆ ಗಡಿ ತೆರೆಯಲಿಲ್ಲ. ಇಸಾಕ್‌ನ ಅನುಮತಿ ಅರ್ಜಿ ಎರಡು ಸಲ ತಿರಸ್ಕಾರವಾಯಿತು. ಕಾರ್ಖಾನೆಯವರ ಅತಿಥಿಗೃಹದಲ್ಲಿ ಅವನು ಅನ್ನ, ಮೊಟ್ಟೆ ಬೇಯಿಸಿಕೊಂಡು ಇದ್ದ.

ಆಗಸ್ಟ್ ಮೂರರಂದು ಅವನಿಗೆ ಜ್ವರ ಬಂತು. ಐದರಂದು ಆಸ್ಪತ್ರೆಗೆ ಸೇರಿಸಿದರು. ಆರರ ಬೆಳಿಗ್ಗೆ ಫೋನು ಮಾಡಿ, “ಉಸಿರು ಸ್ವಲ್ಪ ಸಣ್ಣದಾಗೇತಿ. ಮಾತಾಡಬ್ಯಾಡ ಅಂದಾರ. ಉಝ್ಮಾಗ ಹೇಳಬ್ಯಾಡ,” ಎಂದ. ಉಝ್ಮಾ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು. ಅದಾದ ಮೇಲೆ ಅವನು ಫೋನು ಎತ್ತಲಿಲ್ಲ.

ಆಸ್ಪತ್ರೆಯವರು ದಿನಕ್ಕೊಂದು ಹಾಳೆ ಬರೆದು ಕಾರ್ಖಾನೆಗೆ ಕಳಿಸುತ್ತಿದ್ದರು. ಅಲ್ಲಿನ ಕಚೇರಿಯಲ್ಲಿ ಇಂಗ್ಲಿಷ್ ಬಲ್ಲ ಒಬ್ಬ ಹೆಂಗಸು ಅದನ್ನು ನಾಲ್ಕು ಸಾಲಿನಲ್ಲಿ ಬಿಲ್ಕಿಸ್‌ಗೆ ತಿಳಿಸುತ್ತಿದ್ದರು. ಎರಡು ದಿನ ಹಾಗೆ ನಡೆಯಿತು. ಎಂಟನೆಯ ತಾರೀಖಿನಿಂದ ಜಪಾನಿನಲ್ಲಿ ಹಿರಿಯರನ್ನು ನೆನೆಯುವ ಹಬ್ಬದ ರಜೆ ಶುರುವಾಯಿತು. ಕಾರ್ಖಾನೆಗೆ ಒಂಬತ್ತು ದಿನ ಬೀಗ. ಆ ಹೆಂಗಸು ತಮ್ಮ ಊರಿಗೆ ಹೋಗಿಬಿಟ್ಟರು. ಗೇಟಿನ ಕಾವಲುಗಾರ ಮಾತ್ರ ದಿನವೂ ಬೆಳಿಗ್ಗೆ ಹಾಳೆಯ ಫೋಟೊ ತೆಗೆದು ಬಿಲ್ಕಿಸ್‌ಳ ಫೋನಿಗೆ ತಪ್ಪದೆ ಕಳಿಸಿದ. ಅವನಿಗೆ ಇಂಗ್ಲಿಷಿನ ಒಂದು ಪದವೂ ಬರುತ್ತಿರಲಿಲ್ಲ.

ಹಾಳೆ ಕೈಬರಹದ್ದು. ಯಾರೋ ಅವಸರದಲ್ಲಿ ನಿಂತೇ ಗೀಚಿದ ಹಾಗಿತ್ತು. ಫೋನಿನ ಭಾಷಾಂತರದ ಆ್ಯಪ್‌ಗೆ ತೋರಿಸಿದರೆ ‘ಮೋಡದ ಮೂರು ಬಾಗಿಲು’ ಎಂದೇನೋ ಹೇಳಿತು. ಹದಿನೆಂಟನೆಯ ಮಹಡಿಯಲ್ಲಿ ಎರಡು ಜಪಾನಿ ಕುಟುಂಬಗಳಿದ್ದವು. ಮಾರ್ಚ್‌ನಲ್ಲೇ ಅವರೆಲ್ಲ ತಮ್ಮ ದೇಶಕ್ಕೆ ಹೊರಟುಹೋಗಿದ್ದರು.

ಬಿಲ್ಕಿಸ್ ಹಾಳೆಯ ಮೇಲೆ ಬೆರಳಾಡಿಸಿ ದೊಡ್ಡದು ಮಾಡಿ ನೋಡಿದಳು. ನಡುವೆ ಒಂದು ಕಡೆ ಚೌಕದೊಳಗೆ ಚೌಕ. ಅದರ ಹಿಂದೆ ಮೂರು ಎಂಬ ಅಂಕಿ. ಅವಳು ಚಪ್ಪಲಿಯನ್ನೂ ಮೆಟ್ಟದೆ ಎದುರು ಮನೆಗೆ ಓಡಿದಳು.

“ಮೂರು ದಿನಕ್ಕೆ ಹಿಂದಿರುಗುತ್ತಾರೆ ಅಂತಲಾ, ಟೀಚರ್? ನೋಡಿ, ಇಲ್ಲಿ.”

ಲಿಯೊಂಗ್ ಟೀಚರ್ ಕನ್ನಡಕ ಏರಿಸಿ ನೋಡಿದರು. ಅವರಿಗೆ ಜಪಾನಿ ಭಾಷೆ ಬರುತ್ತಿರಲಿಲ್ಲ. ನಡುನಡುವೆ ಬರುವ ಜಪಾನಿನವರದೇ ಸಣ್ಣ ಅಕ್ಷರಗಳನ್ನು ಬಿಟ್ಟು ಚೀನೀ ಅಕ್ಷರಗಳನ್ನಷ್ಟೇ ಹೆಕ್ಕಿ ಓದಬಲ್ಲರು. ಬೆರಳಿನಿಂದ ಒಂದೊಂದೇ ಅಕ್ಷರ ದಾಟುತ್ತ ಸಾಲಿನ ಕೊನೆಗೆ ಹೋಗಿ ಮತ್ತೆ ಮೊದಲಿಗೆ ಬಂದರು.

“ಹೇಳಿ,” ಎಂದಳು ಬಿಲ್ಕಿಸ್.

“ಇಲ್ಲಿ ಅದು ಸಲ ಅನ್ನೋ ಅರ್ಥ. ಭೇದಿ, ಮೂರು ಸಲ.”

ಬಿಲ್ಕಿಸ್ ಅಲ್ಲೇ ಸ್ಟೂಲಿನ ಮೇಲೆ ಕುಳಿತಳು. ಟೀಚರ್ ಬಿಸಿನೀರು ತಂದುಕೊಟ್ಟು, ಬೇರೆ ಮಾತಾಡದೆ ಉಳಿದ ಸಾಲು ಓದಿದರು. “ಉಸಿರು ಅಂತ ಇದೆ. ಆಮೇಲೆ ಇದು... ಹುಳಿ. ಹುಳಿಯ ಅಂಶ. ಐದು ಲೀಟರ್.”

“ಐದು ಲೀಟರ್ ಹುಳಿ ಕುಡಿಸಿದಾರಾ?”

“ನನಗೆ ತಿಳೀತಿಲ್ಲ, ಬಿಲ್ಕಿಸ್. ನಾವು ಹೀಗೆ ಬರೆಯೋದಿಲ್ಲ. ತಿಳೀದೇ ಇದ್ದದ್ದನ್ನ ತಿಳಿದ ಹಾಗೆ ನಾನು ಹೇಳೋದಿಲ್ಲ.”

ಆ ಮಾತು ಕೇಳಿ ಬಿಲ್ಕಿಸ್‌ಗೆ ಇವರನ್ನು ನಂಬಬಹುದು ಎನಿಸಿತು. ಮುಂದಿನ ನಾಲ್ಕು ದಿನ ಹತ್ತು ಗಂಟೆಗೆ ಫೋಟೊ ಬಂದ ಕೂಡಲೇ ಇಬ್ಬರೂ ಟೀಚರ್ ಮನೆಯ ಊಟದ ಮೇಜಿಗೆ ಕೂರುತ್ತಿದ್ದರು. ಟೀಚರ್ ಗೀಚಿದ ಅಕ್ಷರಗಳನ್ನು ಬಿಡಿಸಿ ಕುಂಚದಿಂದ ಬೇರೆ ಹಾಳೆಯಲ್ಲಿ ಅಂದವಾಗಿ ಬರೆಯುತ್ತಿದ್ದರು. ಹುಳಿ ಐದು ಲೀಟರಿನಿಂದ ಏಳಕ್ಕೆ ಏರಿತು. ಒಂದು ದಿನ ಏಳರಲ್ಲೇ ನಿಂತಿತು. ಆಮೇಲೆ ನಾಲ್ಕಕ್ಕೆ ಇಳಿಯಿತು. ಏರುವುದು ಒಳ್ಳೆಯದೋ ಇಳಿಯುವುದು ಒಳ್ಳೆಯದೋ ಇಬ್ಬರಿಗೂ ಗೊತ್ತಿರಲಿಲ್ಲ. ರಾಣೇಬೆನ್ನೂರಿನಿಂದ ಅತ್ತೆ ಫೋನು ಮಾಡಿದಾಗಲೆಲ್ಲ ಬಿಲ್ಕಿಸ್ “ಛಲೋ ಅದಾರ, ನಿದ್ದಿ ಮಾಡ್ಯಾರ,” ಎಂದು ಹೇಳಿ ಇಡುತ್ತಿದ್ದಳು. ಆಮೇಲೆ ನಮಾಜಿನ ಚಾಪೆಯ ಮೇಲೆ ಕುಳಿತರೆ ಏಳಲು ಮರೆಯುತ್ತಿದ್ದಳು.

ಹದಿಮೂರನೆಯ ತಾರೀಖು, ಗುರುವಾರ. ಉಝ್ಮಾಳ ಶಾಲೆ ಆ ವಾರವಷ್ಟೇ ತೆರೆದಿತ್ತು. ಅವಳು ಹೋಗುವುದಿಲ್ಲವೆಂದು ಹಟ ಹಿಡಿದರೂ ತಾಯಿ ಕಳಿಸಿದ್ದಳು. ಆ ದಿನದ ಹಾಳೆ ಚಿಕ್ಕದಾಗಿತ್ತು. ಹುಳಿ ಎರಡು ಲೀಟರ್. ಅದರ ಕೆಳಗೆ ಒಂದೇ ಸಾಲು. ಚೌಕದೊಳಗಿನ ಚೌಕ ಅಲ್ಲಿತ್ತು, ಆದರೆ ಅದರ ಹಿಂದೆ ಅಂಕಿಯಿರಲಿಲ್ಲ. ಮುಂದೆ ಇನ್ನೊಂದು ಅಕ್ಷರ ಅಂಟಿಕೊಂಡಿತ್ತು: 回復.

ಟೀಚರ್ ಅದನ್ನು ದೊಡ್ಡದಾಗಿ ಬರೆದು ನೋಡಿದರು. “ಮೊದಲನೆಯ ಪದ ಸರಾಗ, ಅಡ್ಡಿಯಿಲ್ಲದೆ ಅನ್ನೋ ಹಾಗಿದೆ. ಇದು... ನಮ್ಮಲ್ಲಿ ಇದಕ್ಕೆ ಉತ್ತರ ಕೊಡೋದು ಅಂತ ಅರ್ಥ. ಫೋನಿನಲ್ಲಿ ಮೆಸೇಜಿಗೆ ಉತ್ತರ ಬರುತ್ತಲ್ಲ, ಆ ಗುಂಡಿಯ ಮೇಲೆ ಇದೇ ಇರುತ್ತೆ.” ತಮ್ಮ ಫೋನಿನ ನಿಘಂಟು ತೆಗೆದು ತೋರಿಸಿದರು. ಅದೂ ಹಾಗೇ ಹೇಳಿತು.

“ಯಾರಿಗೆ ಉತ್ತರ? ನಾವು ಏನೂ ಕೇಳಿಲ್ಲವಲ್ಲ.”

“ಕರೆದರೆ ಓಗೊಡುತ್ತಿದ್ದಾರೆ ಅಂತ ಇರಬಹುದು. ಅಥವಾ...” ಟೀಚರ್ ಕುಂಚ ಕೆಳಗಿಟ್ಟರು. “ಕಾಯಿಲೆಯಿಂದ ಚೇತರಿಸಿಕೊಳ್ಳೋದಕ್ಕೆ ನಮ್ಮಲ್ಲಿ ಒಂದು ಪದ ಇದೆ. ಎರಡನೇ ಅಕ್ಷರ ಇದೇ. ಮೊದಲನೇದು ಮಾತ್ರ ಬೇರೆ. ಸದ್ದು ಹತ್ತಿರ ಹತ್ತಿರ. ಜಪಾನಿನವರು ಅದಕ್ಕೆ ಇದನ್ನ ಹಾಕ್ತಾರೋ ಏನೋ. ನಾನು ಆಣೆ ಮಾಡಿ ಹೇಳಲಾರೆ.”

“ಯಾರು ಹೇಳಬಲ್ಲರು?”

ಟೀಚರ್ ಸ್ವಲ್ಪ ಯೋಚಿಸಿ ಎದ್ದರು. “ಏಳನೇ ಮಹಡಿಯಲ್ಲಿ ಕೊರಿಯಾದವರ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ತರಕಾರಿ ಡಬ್ಬಿಯ ಮೇಲೆ ನಾನು ಬರೆದದ್ದನ್ನ ಓದಿ ತಲೆ ಆಡಿಸ್ತಾರೆ. ಅವರ ವಯಸ್ಸಿನವರು ಶಾಲೆಯಲ್ಲಿ ಈ ಅಕ್ಷರ ಕಲಿತಿರ್ತಾರೆ. ಈಗಿನವರಿಗೆ ಬರೋದಿಲ್ಲ.”

ಹಾನ್ ಅಜ್ಜಿ ಬಾಗಿಲು ತೆರೆದಾಗ ಮನೆಯಲ್ಲಿ ಒಬ್ಬರೇ ಇದ್ದರು. ಮೊಮ್ಮಗಳನ್ನು ನೋಡಿಕೊಳ್ಳಲು ಬಂದು, ವಿಮಾನ ನಿಂತು, ಇಲ್ಲೇ ಉಳಿದವರು. ಇಂಗ್ಲಿಷೂ ಬಾರದು, ಮಲಯವೂ ಬಾರದು. ಕೈಯಲ್ಲಿ ಸುಲಿದ ಬೆಳ್ಳುಳ್ಳಿಯ ಬಟ್ಟಲಿತ್ತು. ಲಿಯೊಂಗ್ ಟೀಚರ್ ಮಾತಿಲ್ಲದೆ ಹಾಳೆ ಎತ್ತಿ ಹಿಡಿದರು.

ಅಜ್ಜಿ ಬಟ್ಟಲು ಕೆಳಗಿಟ್ಟು, ಕಣ್ಣು ಕಿರಿದು ಮಾಡಿ, ಬೆರಳಿಟ್ಟು ಓದಿದರು. “ಸಾನ್ಸೊ,” ಎಂದರು ಹುಳಿಯ ಮೇಲೆ ಬೆರಳಿಟ್ಟು. ಆಮೇಲೆ ಮುಂದಿನದರ ಮೇಲೆ ಬೆರಳು ಸರಿಸಿ, “ಹ್ವೆಬೊಕ್.” ಇಬ್ಬರೂ ತಮ್ಮನ್ನೇ ಏಕೆ ನೋಡುತ್ತಿದ್ದಾರೆಂದು ಅವರಿಗೆ ಅರ್ಥವಾಗಲಿಲ್ಲ. ಬಿಲ್ಕಿಸ್ ಫೋನಿನಲ್ಲಿದ್ದ ಇಸಾಕ್‌ನ ಚಿತ್ರ ತೋರಿಸಿದಳು, ಹಾಳೆ ತೋರಿಸಿದಳು, ತನ್ನ ಎದೆ ಮುಟ್ಟಿಕೊಂಡಳು.

ಅಜ್ಜಿಗೆ ತಿಳಿಯಿತು. ಮೊದಲು ಅಂಗೈಯನ್ನು ಬಟ್ಟಲಿನಂತೆ ಮೂಗಿನ ಮೇಲೆ ಮುಚ್ಚಿ ದೀರ್ಘವಾಗಿ ಉಸಿರೆಳೆದು ಬಿಟ್ಟರು. ಹುಳಿಯೆಂದರೆ ಆಮ್ಲಜನಕ. ಎರಡು ಎಂಬ ಅಂಕಿಯನ್ನು ತೋರಿಸಿ, ಕೈಯನ್ನು ಮೇಲಿನಿಂದ ಮೆಲ್ಲಗೆ ಕೆಳಗಿಳಿಸಿ, ಸಾಕು, ಇನ್ನು ಬೇಡ ಎಂಬಂತೆ ಆಡಿಸಿದರು. ಆಮೇಲೆ ಕೆನ್ನೆಯ ಕೆಳಗೆ ಕೈಯಿಟ್ಟು ಕಣ್ಣುಮುಚ್ಚಿ ಮಲಗಿದವರಂತೆ ಮಾಡಿದರು. ಕಣ್ಣು ತೆರೆದರು. ಬೆನ್ನು ನೆಟ್ಟಗೆ ಮಾಡಿ ನಿಂತರು. ಓಣಿಯಲ್ಲಿ ಮೂರು ಹೆಜ್ಜೆ ನಡೆದು, ಹೊಟ್ಟೆ ಸವರಿಕೊಂಡು, ಬಾಯಿಗೆ ಚಮಚ ಹಿಡಿದು ಉಂಡಂತೆ ತೋರಿಸಿದರು. “ಹ್ವೆಬೊಕ್,” ಎಂದು ಇನ್ನೊಮ್ಮೆ ಹೇಳಿ ಬಿಲ್ಕಿಸ್‌ಳ ಮೊಳಕೈ ಹಿಡಿದರು. ಆ ದಿನಗಳಲ್ಲಿ ಯಾರೂ ಯಾರನ್ನೂ ಮುಟ್ಟುತ್ತಿರಲಿಲ್ಲ.

ಬಿಲ್ಕಿಸ್ ಅಲ್ಲೇ ಗೋಡೆಗೊರಗಿ ಕುಳಿತು ಅತ್ತಳು. ಎಂಟು ದಿನದಿಂದ ಒಂದು ಹನಿಯೂ ಬಂದಿರಲಿಲ್ಲ. ಲಿಯೊಂಗ್ ಟೀಚರ್ ಪಕ್ಕದಲ್ಲಿ ನಿಂತು ಮಾಸ್ಕಿನ ಮೇಲಂಚಿನಿಂದ ಕಣ್ಣೊರೆಸಿಕೊಂಡು, “ನನ್ನ ಊಹೆ ಅರ್ಧ ಸರಿ ಇತ್ತು ಲಾ,” ಎಂದರು. ಹಾನ್ ಅಜ್ಜಿ ಒಳಗೆ ಹೋಗಿ ಹೆಚ್ಚಿದ ಪೇರಲದ ತಟ್ಟೆ ತಂದರು. ಮೂವರೂ ಓಣಿಯಲ್ಲಿ, ಮಾಸ್ಕ್ ಗದ್ದಕ್ಕೆ ಎಳೆದುಕೊಂಡು, ದೂರದೂರ ಕುಳಿತು ಅದನ್ನು ತಿಂದರು.

ಸಂಜೆ ಶಾಲೆಯಿಂದ ಬಂದ ಉಝ್ಮಾ ಟೀಚರ್ ಬರೆದ ಹಾಳೆಗೆ ಫೋನು ಹಿಡಿದು, ಭಾಷೆಯ ಗುಂಡಿ ಬದಲಿಸಿ, ಅದೇ ಅರ್ಥವನ್ನು ಎರಡು ಸೆಕೆಂಡಿನಲ್ಲಿ ತೋರಿಸಿದಳು. “ಅಮ್ಮಿ, ಯು ಹ್ಯಾಡ್ ಇಟ್ ಆನ್ ಚೈನೀಸ್,” ಎಂದಳು. ಹಾಗೆಂದು ಬ್ಯಾಗು ಕೆಳಗಿಟ್ಟವಳು ತಾಯಿಯ ತೊಡೆಯ ಮೇಲೆ ತಲೆಯಿಟ್ಟು ರಾತ್ರಿಯ ಊಟದವರೆಗೂ ಏಳಲಿಲ್ಲ.

ಹದಿನೇಳರಂದು ಇಸಾಕ್‌ನ ಫೋನು ಬಂತು. ದನಿ ಬಾವಿಯ ತಳದಿಂದ ಬಂದ ಹಾಗಿತ್ತು.

“ಏನ್ ಮಾಡಾಕತ್ತಿ?”

“ಏನಿಲ್ಲ. ನೀವು ಹೆಂಗದೀರಿ?”

“ಛಲೋ ಅದೀನಿ. ಗಂಜಿ ಕೊಟ್ಟಾರ. ಫೋನು ಚಾರ್ಜ್ ಇರಲಿಲ್ಲ. ನಿಂಗ ಯಾರೂ ಏನೂ ತಿಳಿಸಿಲ್ಲ ಅಂತ ನನಗ ಅದೇ ಚಿಂತಿ ಆಗಿತ್ತು.”

“ಗೊತ್ತಿತ್ತು ನನಗ. ಗುರುವಾರನ ಗೊತ್ತಾತು.”

“ಹೆಂಗ?”

ಅವಳು ಹೇಳಿದಳು. ಅವನು ಕೇಳುತ್ತಾ ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದ. ಆಮೇಲೆ ಅವನದೊಂದು ಸುದ್ದಿ ಹೇಳಿದ. ಪಕ್ಕದ ಹಾಸಿಗೆಯಲ್ಲಿ ವಿಯೆಟ್ನಾಂನ ಒಬ್ಬ ವೆಲ್ಡರ್ ಇದ್ದಾನಂತೆ, ನಲವತ್ತೈದು ವಯಸ್ಸು, ಹಡಗುಕಟ್ಟೆಯಲ್ಲಿ ಕೆಲಸ. ದಾದಿ ಬಂದು “ಕೈಫುಕು” ಎಂದಾಗಲೆಲ್ಲ ಅವನು ಹೆಬ್ಬೆರಳು ಎತ್ತಿ “ಹೋಯ್ ಫುಕ್, ಹೋಯ್ ಫುಕ್” ಎನ್ನುತ್ತಾನಂತೆ. ಅದು ಹಾರೈಕೆಯೋ ಬೈಗುಳವೋ ತಿಳಿಯದೆ ಇಸಾಕ್ ನಾಲ್ಕು ದಿನ ಸುಮ್ಮನೆ ನಕ್ಕಿದ್ದನಂತೆ.

ಲಿಯೊಂಗ್ ಟೀಚರ್‌ಗೆ ಇದನ್ನು ತಿಳಿಸಿದಾಗ ಅವರು ಬಹಳ ಖುಷಿಪಟ್ಟರು. ದಾದಿಯದೂ ವೆಲ್ಡರನದೂ ಆ ಗುರುವಾರದ ಹಾಳೆಯ ಪದವೇ. ವಿಯೆಟ್ನಾಂನವರು ಈ ಅಕ್ಷರಗಳನ್ನು ಬರೆಯುವುದನ್ನು ಬಿಟ್ಟು ನೂರು ವರ್ಷವಾಯಿತು, ರೋಮನ್ ಲಿಪಿಗೆ ಹೋದರು; ಅಕ್ಷರ ಹೋದರೂ ಮಾತು ಬಾಯಲ್ಲಿ ಉಳಿಯಿತು ಎಂದರು. ಬಿಲ್ಕಿಸ್ ಅದನ್ನೂ ಗಣಿತದ ನೋಟ್‌ಬುಕ್ಕಿನಲ್ಲಿ ಬರೆದಳು: ಹ್ವೇಯ್, ಕೈ, ಹ್ವೆ, ಹೋಯ್.

ಸೆಪ್ಟೆಂಬರಿನಲ್ಲಿ ಭಾರತದ ಪಾಸ್‌ಪೋರ್ಟಿನವರಿಗೆ ಮಲೇಷ್ಯಾ ಅರ್ಜಿಯ ಬಾಗಿಲನ್ನೂ ಹಾಕಿತು. ಇಸಾಕ್‌ಗೆ ಅನುಮತಿ ಸಿಕ್ಕಿದ್ದು ಡಿಸೆಂಬರಿನಲ್ಲಿ. ವಿಮಾನದಿಂದಿಳಿದು ಹತ್ತು ದಿನ ಹೋಟೆಲಿನ ಕೋಣೆಯಲ್ಲಿ ಒಬ್ಬನೇ ಇದ್ದ. ಹನ್ನೊಂದನೆಯ ದಿನ ಮಧ್ಯಾಹ್ನ ಟ್ಯಾಕ್ಸಿಯಿಂದಿಳಿದವನನ್ನು ಕಾವಲುಗಾರ ಗುರುತಿಸದೆ ಯಾವ ಮನೆ ಎಂದು ಕೇಳಿದ. ಹದಿನಾಲ್ಕು ಕಿಲೊ ಇಳಿದಿದ್ದ, ಗಡ್ಡ ಬೆಳ್ಳಗಾಗಿತ್ತು. ಲಿಫ್ಟಿನ ಬಾಗಿಲು ತೆರೆದಾಗ ಉಝ್ಮಾ ಓಡಿಹೋಗಿ ಅಪ್ಪನ ಚೀಲ ಕಿತ್ತುಕೊಂಡಳು. ಎದುರು ಬಾಗಿಲಲ್ಲಿ ಲಿಯೊಂಗ್ ಟೀಚರ್ ನಿಂತಿದ್ದರು. ಒಮ್ಮೆ ತಲೆ ಬಾಗಿಸಿ, ಬಾಗಿಲು ಹಾಕಿಕೊಂಡರು.

ಇಸಾಕ್ ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಉಂಡ. ಮೂರನೆಯದನ್ನು ಅರ್ಧ ಮುರಿದು, ಇನ್ನು ಆಗದು ಎಂದು ಕೈ ತೊಳೆದ. ಹಾಸಿಗೆ ಬೇಡವೆಂದು ಹಾಲಿನ ನೆಲದ ಮೇಲೆ ಚಾಪೆ ಹಾಕಿಸಿಕೊಂಡು ಮಲಗಿದ. ಕೆಳಗೆ ಹುಲ್ಲು ಕತ್ತರಿಸುವ ಯಂತ್ರ ಗುರ್ರೆನ್ನುತ್ತಿತ್ತು. ಅವನಿಗೆ ತೊಂದರೆಯಾದೀತೆಂದು ಬಿಲ್ಕಿಸ್ ಬಾಲ್ಕನಿಯ ಬಾಗಿಲು ಎಳೆದಳು. ಅವನು ಕೂಡಲೇ ಕಣ್ಣುಬಿಟ್ಟು, “ತೆಗೆದಿಡು. ಸಪ್ಪಳ ಇರಲಿ,” ಎಂದ. ಅವಳು ತೆಗೆದಿಟ್ಟಳು. ಸಂಜೆಯ ಅಜಾನ್‌ವರೆಗೂ ಅವನು ಮಲಗಿದ, ಅವಳು ಪಕ್ಕದಲ್ಲಿ ಕುಳಿತು ಅವನ ಎದೆ ಏರಿಳಿಯುವುದನ್ನು ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ನೋಡುವುದನ್ನು ಬಿಟ್ಟು ಬೆಳ್ಳುಳ್ಳಿ ಸುಲಿಯತೊಡಗಿದಳು.

ಮರುವರ್ಷದಿಂದ ಅವಳು ಶನಿವಾರಗಳಂದು ಕಂಪ್ಯೂಟರಿನಲ್ಲಿ ಕನ್ನಡ ಪಾಠ ಶುರು ಮಾಡಿದಳು. ಸೈಬರ್‌ಜಯಾದ ಆರ್ಯನ್, ಮಾಂಟ್ ಕಿಯಾರಾದ ಸಮೀಕ್ಷಾ, ಇನ್ನೂ ಐದು ಮಕ್ಕಳು. ಸಂಬಳವಿಲ್ಲ, ಹಾಗಾಗಿ ವೀಸಾದ ತಕರಾರೂ ಇಲ್ಲ. ಇಸಾಕ್ ಮೊದಲು ಓಣಿಯ ಕೊನೆಯವರೆಗೆ, ಆಮೇಲೆ ಕಟ್ಟಡದ ಸುತ್ತ, ಮಳೆಗಾಲ ಮುಗಿಯುವ ಹೊತ್ತಿಗೆ ಗುಡ್ಡದ ಮೇಲಿನ ಬೇಕರಿಯವರೆಗೆ ನಡೆಯುವಂತಾದ. ಹಾನ್ ಅಜ್ಜಿ ಲಸಿಕೆಯ ಎರಡು ಸೂಜಿ ಹಾಕಿಸಿಕೊಂಡು ಊರಿಗೆ ಮರಳಿದರು.

ಎರಡು ಸಾವಿರದ ಇಪ್ಪತ್ತೆರಡರ ನವೆಂಬರಿನಲ್ಲಿ ಕಾರ್ಖಾನೆಯವರು ಇನ್ನೊಂದು ಪಂಪಿನ ಪರೀಕ್ಷೆಗೆ ಇಸಾಕ್‌ನನ್ನು ಕರೆದರು. “ಈ ಸಲ ನಾನೂ ಬರ್ತೀನಿ,” ಎಂದಳು ಬಿಲ್ಕಿಸ್. ಉಝ್ಮಾಳನ್ನು ನಾಲ್ಕು ದಿನ ಲಿಯೊಂಗ್ ಟೀಚರ್ ನೋಡಿಕೊಂಡರು.

ಆ ಊರಿನ ಆಸ್ಪತ್ರೆ ಅವಳು ಅಂದುಕೊಂಡಿದ್ದಕ್ಕಿಂತ ಬಹಳ ಸಣ್ಣದು, ಮೂರೇ ಮಹಡಿ. ಒಳಗೆ ಬಿಡಲಿಲ್ಲ. ಕಾರ್ಖಾನೆಯ ಆ ಇಂಗ್ಲಿಷ್ ಬಲ್ಲ ಹೆಂಗಸು ಜೊತೆಗಿದ್ದು ವಿಚಾರಿಸಿದ ಮೇಲೆ ಹಾಳೆ ಬರೆಯುತ್ತಿದ್ದ ನರ್ಸ್ ಹೊರಗೆ ಬಂದ. ಎತ್ತರದ ಗಂಡಸು, ಐವತ್ತರ ಹತ್ತಿರ, ದಪ್ಪ ಬೆರಳುಗಳು. ಅವನಿಗೆ ಮೊದಲು ನೆನಪಾಗಲಿಲ್ಲ. ಆ ಬೇಸಿಗೆ ಎಷ್ಟೋ ಜನ ಇದ್ದರು. ಬಿಲ್ಕಿಸ್ ಫೋನಿನಲ್ಲಿ ಆ ಗುರುವಾರದ ಹಾಳೆ ತೋರಿಸಿದಳು. ಅವನು ಅದನ್ನು ನೋಡಿ ಕೆಂಪಾಗಿ, ಸೊಂಟದವರೆಗೆ ಬಾಗಿ ಏನೋ ಹೇಳಿದ.

“ಅಕ್ಷರ ಇಷ್ಟು ಕೆಟ್ಟದಾಗಿ ಬರೆದದ್ದಕ್ಕೆ ಕ್ಷಮೆ ಕೇಳ್ತಿದ್ದಾರೆ,” ಎಂದರು ಆ ಹೆಂಗಸು.

ಬಿಲ್ಕಿಸ್ ತಾನೂ ಬಾಗಿದಳು. ಅವಳು ತಂದಿದ್ದ ಸಿಹಿಯ ಡಬ್ಬಿಯನ್ನು ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗೆ ಹೋದ.

ಗಂಡ ಹೆಂಡತಿ ಎದುರಿನ ಬೆಂಚಿನ ಮೇಲೆ ಕುಳಿತರು. ಗಾಳಿ ತಣ್ಣಗಿತ್ತು. ಇಸಾಕ್ ಎರಡನೆಯ ಮಹಡಿಯ ಒಂದು ಕಿಟಕಿ ತೋರಿಸಿ, “ಅದು ನನ್ನ ಕೋಣಿ,” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಅಲ್ಲಲ್ಲ, ಅದರ ಬಾಜೂದ್ದು,” ಎಂದ.

“ಎರಡರಾಗ ಒಂದು ಹೇಳ್ರಿ,” ಎಂದಳು ಬಿಲ್ಕಿಸ್.

“ಒಳಗ ಮಲಗಿದ್ದೆ. ಹೊರಗಿಂದ ಯಾವಾಗ ನೋಡೀನಿ?”

ಅವಳು ಎರಡೂ ಕಿಟಕಿಗಳ ಫೋಟೊ ತೆಗೆದು ಉಝ್ಮಾಗೆ ಕಳಿಸಿದಳು.